ಮೂರು ಸಲ ಬರೆದ ರೆಫರಿ ಪರೀಕ್ಷೆ

ಪ್ರಶ್ನೆಯೇ ತಪ್ಪಿದ್ದರೆ ಉತ್ತರ ಬರೆಯುವವನ ಪಾಡೇನು ಎಂಬುದು ನನಗೆ ಮೂರು ವರ್ಷ ತಪ್ಪದೆ ಗೊತ್ತಾಯಿತು. ಹೆಂಡತಿ ತೀರಿಕೊಂಡ ಮೇಲೆ ಶಾಲೆಯಿಲ್ಲದ ದಿನಗಳು ಮುಗಿಯುತ್ತಲೇ ಇರಲಿಲ್ಲ. ಮೈದಾನದಲ್ಲಿ ಸೀಟಿ ಊದಿಕೊಂಡಾದರೂ ಇರೋಣವೆಂದು ಕಬಡ್ಡಿ ರೆಫರಿ ಪರೀಕ್ಷೆಗೆ ಕಟ್ಟಿದೆ. ಪಾಸಾಗಿಯೇ ತೀರಬೇಕೆಂದು ಹಠ ಹಿಡಿದೆ.

೧. ಹಿಂದೂಪುರ

‘ರೈಡರ್ ಲಾಬಿಗೆ ಕಾಲಿಟ್ಟರೆ ಔಟ್. ಸರಿಯೋ ತಪ್ಪೋ ಗುರುತಿಸಿ.’

ಲಾಬಿ ಎಂದರೆ ಅಂಕಣದ ಎರಡು ಬದಿಯ ಪಟ್ಟಿ. ಎದುರಾಳಿಯನ್ನು ಮುಟ್ಟಿದ ಮೇಲೆ ಅಲ್ಲಿ ಕಾಲಿಡಬಹುದು. ಮುಟ್ಟದೆ ಇಟ್ಟರೆ ಔಟ್. ಮುಟ್ಟಿದ ಸುದ್ದಿಯೇ ಪ್ರಶ್ನೆಯಲ್ಲಿರಲಿಲ್ಲ. ಕೈಯೆತ್ತಿದೆ.

“ಮುಟ್ಟಿದ್ದಾನಾ ಸಾರ್?”

ಪರೀಕ್ಷಕರು ಪತ್ರಿಕೆಯ ಹಿಂಬದಿಯನ್ನೂ ತಿರುಗಿಸಿ ನೋಡಿದರು.

“ನಾನಾಗ ಅಲ್ಲಿರ್ಲಿಲ್ಲ ಮೇಷ್ಟ್ರೇ.”

ಸರಿ, ತಪ್ಪು ಎರಡಕ್ಕೂ ಕಾರಣ ಬರೆದೆ. ಒಂದು ಅಂಕದಲ್ಲಿ ಫೇಲಾದೆ.

೨. ಕಲ್ಯಾಣದುರ್ಗ

‘ಒಂದು ತಂಡದಲ್ಲಿ ಎಷ್ಟು ಜನ?’ ಆಯ್ಕೆಗಳಲ್ಲಿ ಏಳೂ ಇತ್ತು, ಹನ್ನೆರಡೂ ಇತ್ತು. ಅಂಕಣದಲ್ಲಿ ಆಡುವವರು ಏಳು. ಹೊರಗೆ ಕೂತವರನ್ನೂ ಸೇರಿಸಿದರೆ ಹನ್ನೆರಡು. ನಾನು ಕೈಯೆತ್ತಿದ್ದೇ ತಡ, ಪಕ್ಕದಲ್ಲಿದ್ದ ಕಂಬದೂರಿನ ಡ್ರಿಲ್ ಮೇಷ್ಟ್ರು ಅಂಗಿ ಜಗ್ಗಿದರು.

“ಯಾವುದಾದ್ರೂ ಒಂದು ಹಾಕ್ಬುಡಿ ಸಾರ್, ಬಸ್ ಹೋಯ್ತದೆ.”

“ನೀವೇನು ಹಾಕಿದ್ರಿ?”

“ಎರಡನ್ನೂ ಹೊಡ್ದಾಕಿ ಒಂಬತ್ತು ಅಂತ ಬರ್ದೆ. ನಮ್ಮೂರ ಆಟೋಗೆ ಹಿಡ್ಸೋದೇ ಅಷ್ಟು.”

ಅವರು ಪಾಸಾದರು. ನಾನಿಲ್ಲ.

೩. ಮತ್ತೆ ಹಿಂದೂಪುರ

ಈ ಸಲ ಆರು ಪ್ರಶ್ನೆಗಳಲ್ಲಿ ದೋಷ ಕಂಡಿತು. ನಾಲ್ಕನೆಯದಕ್ಕೆ ಎದ್ದು ನಿಂತಾಗ ಪರೀಕ್ಷಕರು ಚಾಕ್‌ಪೀಸ್ ತಂದು ನನ್ನ ಕೈಗಿಟ್ಟು ಕೈಮುಗಿದರು.

“ದಂಡಂ ಸ್ವಾಮಿ! ಅದೇನು ತಿದ್ದಬೇಕೋ ಬೋರ್ಡ್ ಮೇಲೆ ತಿದ್ಬುಡಿ. ಎಲ್ರೂ ನೋಡ್ಕಂಡು ಬರೀಲಿ.”

ಆರನ್ನೂ ನಿಧಾನವಾಗಿ, ಒಂದು ಅನುಮಾನಕ್ಕೂ ಜಾಗವಿಲ್ಲದಂತೆ ಬರೆದೆ. ಹಿಂದಿನ ಬೆಂಚಿನವರು ಕಾಣಿಸುತ್ತಿಲ್ಲ ಎಂದರು. ಅಕ್ಷರ ದಪ್ಪ ಮಾಡಿ ಇನ್ನೊಮ್ಮೆ ಬರೆದೆ. ಕೈ ಒರೆಸಿಕೊಂಡು ಬಂದು ಕೂರುವಷ್ಟರಲ್ಲಿ ಬೆಲ್ ಹೊಡೆಯಿತು. ನನ್ನ ಹಾಳೆಯ ಮೇಲಿದ್ದದ್ದು ನನ್ನ ನಂಬರು ಮಾತ್ರ. ಆ ಕೋಣೆಯಲ್ಲಿ ಕೂತಿದ್ದ ಉಳಿದವರೆಲ್ಲರೂ ಪಾಸಾದರು.

ತಿಂಗಳಾದ ಮೇಲೆ ಪರೀಕ್ಷೆ ನಡೆಸುವವರಿಂದ ಪತ್ರ ಬಂತು. ನನ್ನ ಎಚ್ಚರಿಕೆಯನ್ನು ಬಹಳ ಮೆಚ್ಚಿದ್ದರು. ಇನ್ನು ಮುಂದೆ ಪ್ರತಿ ವರ್ಷವೂ ಪ್ರಶ್ನೆಪತ್ರಿಕೆಯನ್ನು ನಾನೇ ಸಿದ್ಧಪಡಿಸಬೇಕಂತೆ. ಕೆಳಗೆ ಒಂದು ನಿಯಮ: ‘ಪತ್ರಿಕೆ ಸಿದ್ಧಪಡಿಸಿದವರು ಪರೀಕ್ಷೆಗೆ ಕೂರುವಂತಿಲ್ಲ.’

ಆ ವಾಕ್ಯವನ್ನು ಮೂರು ದಿನ ಕೂತು ಓದಿದೆ. ಒಂದೇ ಒಂದು ದೋಷ ಸಿಗಲಿಲ್ಲ.