ಕಾಫಿ ಕೊಯ್ಲಿನ ನಡುವೆ ಕೂತ ಸಭೆ

ನಮ್ಮೂರಲ್ಲಿ ಹತ್ತು ಜನರನ್ನು ಒಂದು ಕಡೆ ಕೂರಿಸಲು ಹೊರಟವರಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ನಾನು ಕೂರಿಸಲು ಹೊರಟದ್ದು ಮೂವತ್ತು ಜನರನ್ನು, ಅದೂ ಜನವರಿಯಲ್ಲಿ, ಕಾಫಿ ಕೊಯ್ಲು ಜೋರಾಗಿರುವಾಗ.

ನಾನು ಪೊನ್ನಂಪೇಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಮಕ್ಕಳಿಗೆ ಸ್ವಾತಂತ್ರ್ಯ ಅಂದರೆ ಮೊದಲು ಉಪ್ಪು, ಆಮೇಲೆ ಬಾವುಟ, ಆಮೇಲೆ ಲಡ್ಡು. ನಡುವೆ ದೆಹಲಿಯಲ್ಲಿ ಸಂವಿಧಾನ ರಚನಾ ಸಭೆ ಕೂತಿತ್ತು, ಬ್ರಿಟಿಷರು ಇನ್ನೂ ಗಂಟುಮೂಟೆ ಕಟ್ಟಿರಲಿಲ್ಲ, ಆದರೂ ಇವರು ನಾಳೆಯ ದೇಶ ಹೇಗಿರಬೇಕೆಂದು ವಾದ ಮಾಡುತ್ತಿದ್ದರು ಎಂದು ಹೇಳಿದರೆ ಇಡೀ ಕ್ಲಾಸು ಆಕಳಿಸುತ್ತದೆ. ಮೂವತ್ತು ವರ್ಷ ಆ ಆಕಳಿಕೆ ನೋಡಿ ನನಗೆ ರೇಗಿಹೋಗಿತ್ತು. ಮಾರ್ಚ್ ಕೊನೆಗೆ ನಿವೃತ್ತಿ. ಅದಕ್ಕೆ ಮೊದಲು, ಗಣರಾಜ್ಯೋತ್ಸವದ ದಿನ, ಊರಿನ ದೊಡ್ಡವರನ್ನೇ ಸದಸ್ಯರನ್ನಾಗಿ ಮಾಡಿ ಆ ಸಭೆಯನ್ನು ಮಕ್ಕಳ ಕಣ್ಣೆದುರು ನಡೆಸಿಯೇ ಹೋಗುತ್ತೇನೆಂದು ಹಟ ಹಿಡಿದೆ.

ಹೆಡ್ಮಾಸ್ಟರು ಒಪ್ಪಿದರು. ಆದರೆ ಒಂದು ಷರತ್ತು.

"ಮೂವತ್ತು ಕುರ್ಚಿ ಹಾಕಿಸ್ತೇನೆ ಟೀಚರ್. ಹತ್ತೂವರೆಗೆ ಅಷ್ಟೂ ತುಂಬಿರಬೇಕು. ಖಾಲಿ ಇದ್ರೆ ಆ ಟೈಮಿಗೆ ಒಂಬತ್ತನೇ ಕ್ಲಾಸಿನವರ ಸಿನಿಮಾ ಡ್ಯಾನ್ಸ್."

ಅಧ್ಯಕ್ಷರ ಹಾಜರಿ

ಸಭೆಗೆ ಅಧ್ಯಕ್ಷರು ಬೇಕಲ್ಲ. ಪಕ್ಕದ ಎಸ್ಟೇಟಿನ ರೈಟರನ್ನು ಹಿಡಿದೆ. ದಿನಾ ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಯಾರು ಯಾವ ಬ್ಲಾಕಿಗೆ ಎಂದು ಕಳಿಸುವವರು ಅವರೇ. ಗಂಟಲು ಎರಡು ಗುಡ್ಡದಾಚೆಗೆ ಕೇಳಿಸುತ್ತದೆ. ಅವರ ಜೊತೆಗೆ ಆಳುಗಳ ಲೈನ್ ಮನೆಗಳ ಹನ್ನೆರಡು ಜನ ಸದಸ್ಯರಾಗಿ ಸಿಕ್ಕಿದರು. ಒಬ್ಬೊಬ್ಬರಿಗೆ ಒಂದೊಂದು ಪ್ರಾಂತ್ಯ ಹಂಚಿದೆ.

ಮೊದಲ ಪ್ರಾಕ್ಟೀಸು ಬೆಳಿಗ್ಗೆ ಎಸ್ಟೇಟಿನ ಅಂಗಳದಲ್ಲಿ. ಅಧ್ಯಕ್ಷರು ಪುಸ್ತಕ ಬಿಡಿಸಿ ನಿಂತರು.

"ಮದ್ರಾಸು?"

"ಬಂದಿದ್ದೇನೆ."

"ಬಂಗಾಳ?"

"ಇಲ್ಲೇ ಇದ್ದೇನೆ."

"ಕೊಡಗು? ಕೊಡಗು ಎಲ್ಲಿ ಹೋಯ್ತು?"

"ಪಂಪ್‌ಸೆಟ್ ರಿಪೇರಿಗೆ ಹೋಗಿದೆ ರೈಟರೆ."

ಹಾಜರಿ ಮುಗಿಯಿತು. ನಾನು ಕೈಯಲ್ಲಿದ್ದ ಭಾಷಣದ ಹಾಳೆಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಧ್ಯಕ್ಷರು ಪುಸ್ತಕ ಮುಚ್ಚಿ, "ಸರಿ, ಹೊರಡಿ" ಅಂದರು. ಅವರಿಗೆ ಇಪ್ಪತ್ತು ವರ್ಷದ ಅಭ್ಯಾಸ, ಕೇಳುವವರಿಗೂ ಅಷ್ಟೇ. ತಲೆಯೆತ್ತಿ ನೋಡುತ್ತೇನೆ, ಅಂಗಳದಲ್ಲಿ ನಾನು ಮತ್ತು ಒಂದು ನಾಯಿ. ಬೈದುಕೊಂಡು ಹುಡುಕುತ್ತಾ ಹೋದರೆ ಬಂಗಾಳ ಆರನೇ ಬ್ಲಾಕಿನಲ್ಲಿ ಕಾಫಿ ಕೊಯ್ಯುತ್ತಿತ್ತು.

ಭಾಷೆಯ ಪ್ರಶ್ನೆ

ನಾನೂ ಬಿಡಲಿಲ್ಲ. ಕೆಲಸ ಬಿಟ್ಟ ಮೇಲೆ, ಸಂಜೆ ಐದಕ್ಕೆ ಪ್ರಾಕ್ಟೀಸು ಎಂದು ಬದಲಾಯಿಸಿದೆ. ಅಂಗಡಿಯವರು, ಜೀಪಿನವರು, ನಮ್ಮ ಅರೆಭಾಷೆಯ ನೆಂಟರು, ಎಲ್ಲರ ಮನೆಗೆ ನಡೆದು ನಡೆದು ಚಪ್ಪಲಿ ಸವೆಸಿ ಮೂವತ್ತು ಜನರನ್ನು ಪೂರ್ತಿ ಮಾಡಿದೆ.

ಈಗ ಇನ್ನೊಂದು ತಾಪತ್ರಯ. ಟೀ ಅಂಗಡಿಯವರು ಎದ್ದು ಮಲಯಾಳದಲ್ಲಿ ಏನೋ ಕೇಳಿದರು. ಜೀಪಿನ ಡ್ರೈವರ್ ತುಳುವಿನಲ್ಲಿ ಉತ್ತರ ಕೊಟ್ಟ. ಲೈನಿನ ಅಕ್ಕ ತಮಿಳಿನಲ್ಲಿ ಇಬ್ಬರಿಗೂ ಬುದ್ಧಿ ಹೇಳಿದಳು. ಹಿಂದಿನ ಸಾಲಿನಲ್ಲಿ ಕೊಡವ ತಕ್ಕ್ ಬೇರೆ, ನಮ್ಮ ಅರೆಭಾಷೆ ಬೇರೆ. ದಿನಾ ಸಂತೆಯಲ್ಲಿ ಹೀಗೇ ಮಾತಾಡಿಕೊಂಡು ಬದುಕುವವರು, ಅವರಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಆದರೆ ಮಕ್ಕಳು ನೋಟ್ಸ್ ಬರೆಯುವುದು ಹೇಗೆ?

"ನೋಡಿ, ಎಲ್ಲರೂ ಕನ್ನಡದಲ್ಲೇ ಮಾತಾಡಬೇಕು" ಎಂದೆ.

"ಹಾಗಂತ ನೀವು ಒಬ್ಬರೇ ಹೇಳಿದ್ರೆ ಆಗ್ತದಾ ಟೀಚರ್? ಇದು ಸಭೆ ಅಲ್ವಾ?" ಎಂದರು ಟೀ ಅಂಗಡಿಯವರು.

ಹೌದು, ಅದನ್ನು ಕಲಿಸಿದವಳು ನಾನೇ. ನಿರ್ಣಯ ಮಂಡಿಸಿದೆ. ಒಂದು ಗಂಟೆ ಬಿಸಿಬಿಸಿ ವಾದ ನಡೆಯಿತು. ಕಲಾಪವೆಲ್ಲ ಕನ್ನಡದಲ್ಲೇ ನಡೆಯತಕ್ಕದ್ದು ಎಂಬ ನಿರ್ಣಯ ಆರು ಭಾಷೆಗಳಲ್ಲಿ ಚರ್ಚೆಯಾಗಿ ಸರ್ವಾನುಮತದಿಂದ ಪಾಸಾಯಿತು.

ಕ್ರಮಬದ್ಧ ಓಟ

ಇನ್ನೊಂದು ಸಂಜೆ ವಾದ ರಂಗೇರಿತ್ತು. ಅಂಗಳದ ಆಚೆ ತೋಟದಲ್ಲಿ ಕೊಂಬೆ ಮುರಿದ ಸದ್ದು. ನೋಡಿದರೆ ಆನೆ. ನಮ್ಮ ಕಡೆ ಆನೆ ಕಂಡರೆ ಯಾರೂ ಕಿರುಚುವುದಿಲ್ಲ, ಸುಮ್ಮನೆ ಎದ್ದು ಜಾಗ ಖಾಲಿ ಮಾಡುತ್ತಾರೆ. ಸದಸ್ಯರೆಲ್ಲ ಎದ್ದರು.

"ಕೂತ್ಕೊಳ್ಳಿ" ಎಂದರು ಅಧ್ಯಕ್ಷರು ಮೆಲ್ಲಗೆ. "ನಾನು ಮುಂದೂಡದೆ ಯಾರೂ ಹೋಗೋ ಹಾಗಿಲ್ಲ. ಟೀಚರ್ ಹೇಳಿದ್ದಾರೆ."

ಅವತ್ತು ಹಾಜರಿಯ ದಿನ ಸಭೆ ಮುಂದೂಡದೆ ಯಾರನ್ನೂ ಕಳಿಸಬೇಡಿ ಎಂದು ನಾನು ಬೈದದ್ದು ಅವರ ಮನಸ್ಸಿಗೆ ಅಷ್ಟು ನಾಟಿತ್ತು. ಆನೆ ಎರಡು ಹೆಜ್ಜೆ ಮುಂದೆ ಬಂತು.

"ಹಾಗಾದ್ರೆ ಮುಂದೂಡಿ ಮಾರಾಯ್ರೆ" ಎಂದರು ಟೀ ಅಂಗಡಿಯವರು.

"ಯಾರಾದರೂ ಸೂಚಿಸಬೇಕು."

"ನಾನು ಸೂಚಿಸ್ತೇನೆ."

"ಅನುಮೋದಕರು?"

ಇಪ್ಪತ್ತೊಂಬತ್ತು ಜನ ಒಟ್ಟಿಗೆ ಅನುಮೋದಿಸಿ ಓಡಿದರು. ಸಭೆಯನ್ನು ನಾಳೆ ಸಂಜೆಗೆ ಮುಂದೂಡಲಾಗಿದೆ ಎಂಬ ಘೋಷಣೆಯನ್ನು ಪೂರ್ತಿ ಕೇಳಿದ್ದು ಆನೆ ಒಂದೇ.

ಬಿಳಿ ಬಟ್ಟೆಯ ಸದಸ್ಯರು

ಗಣರಾಜ್ಯೋತ್ಸವದ ದಿನ ಬಾವುಟ ಹಾರಿಸಿ ಆಕಾಶ ನೋಡಿದರೆ ಮೋಡ. ಕಣದಲ್ಲಿ ಕಾಫಿ ಹರಡಿರುವಾಗ ಮೋಡ ಕವಿದರೆ ನಮ್ಮವರು ಯಾರ ಮಾತನ್ನೂ ಕೇಳುವುದಿಲ್ಲ. ಕಾಫಿ ರಾಶಿ ಮಾಡಿ ಟಾರ್ಪಾಲು ಹೊದಿಸಿಯೇ ಸಿದ್ಧ. ಹತ್ತು ಗಂಟೆಗೆ ನನ್ನ ಮೂವತ್ತು ಸದಸ್ಯರಲ್ಲಿ ಬಂದವರು ಒಂಬತ್ತು ಜನ. ಉಳಿದವರಿಗೆ ಫೋನ್ ಮಾಡೋಣ ಎಂದರೆ ನೆಟ್‌ವರ್ಕ್ ಇಲ್ಲ.

"ಇನ್ನು ಅರ್ಧ ಗಂಟೆ ಟೀಚರ್" ಎಂದರು ಹೆಡ್ಮಾಸ್ಟರು. ಒಂಬತ್ತನೇ ಕ್ಲಾಸಿನವರು ಆಗಲೇ ಕಾಲಿಗೆ ಗೆಜ್ಜೆ ಕಟ್ಟುತ್ತಿದ್ದರು. ಅಳು ಬಂತು, ನಿಜ ಹೇಳುತ್ತೇನೆ. ಆದರೂ ಕುರ್ಚಿಗಳನ್ನು ಒರೆಸುತ್ತಾ ನಿಂತೆ.

ಅಷ್ಟರಲ್ಲಿ ಶಾಲೆಯ ಪಕ್ಕದ ತೋಟದಿಂದ ಢಂ, ಢಂ ಎಂದು ಎರಡು ಗುಂಡಿನ ಸದ್ದು. ಅದು ಮಿಲಿಟರಿಯಿಂದ ನಿವೃತ್ತರಾದ ನಮ್ಮ ಸುಬೇದಾರರ ತೋಟ. ಇವತ್ತಿನ ಸಭೆಯಲ್ಲಿ ನಿರ್ಣಯ ಪಾಸಾದ ಕೂಡಲೇ ಅಲ್ಲಿಂದಲೇ ಸಂಭ್ರಮಕ್ಕೆ ಒಂದು ಗುಂಡು ಹಾರಿಸಿ ಎಂದು ಕೇಳಿಕೊಂಡಿದ್ದೆ. ಪಾಪ, ಕೋವಿ ಪರೀಕ್ಷಿಸಲು ಒಂದು ಹಾರಿಸಿದ್ದಾರೆ. ಅವರಿಗೆ ಕಿವಿ ಮಂದ, ಮೊದಲನೆಯದು ಸರಿಯಾಗಿ ಕೇಳಿಸದೆ ಇನ್ನೊಂದು ಹಾರಿಸಿದ್ದಾರೆ.

ಕೊಡವರ ಮನೆಯಿಂದ ಒಂದು ಗುಂಡು ಕೇಳಿದರೆ ಗಂಡುಮಗು ಹುಟ್ಟಿದೆ ಎಂದು ಅರ್ಥ. ಒಂದರ ಹಿಂದೆ ಒಂದು ಎರಡಾದರೆ ಸಾವು. ಸುಬೇದಾರರ ಮನೆಯಲ್ಲಿ ತೊಂಬತ್ತು ದಾಟಿದ ಅವರ ತಾಯಿ ಇದ್ದಾರೆ. ಸುತ್ತಲಿನವರಿಗೆ ಇನ್ನೇನು ಅನುಮಾನ? ಮಳೆ ಬಂದರೆ ಬರಲಿ ಎಂದು ಕಾಫಿಯನ್ನು ಹಾಗೇ ಬಿಟ್ಟು, ಸಾವಿನ ಮನೆಗೆ ಉಡುವ ಬಿಳಿ ಬಟ್ಟೆ ಉಟ್ಟು ಗಂಡಸರು ಹೆಂಗಸರೆಲ್ಲ ಓಡಿ ಬಂದರು. ಮೋಡ ಕವಿದರೆ ಯಾರ ಮಾತಿಗೂ ಜಗ್ಗದ ನಮ್ಮ ಜನ ಸಾವು ಎಂದರೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಈ ವಿಷಯದಲ್ಲಿ ನನಗೆ ನಮ್ಮೂರಿನ ಮೇಲೆ ತುಂಬಾ ಅಭಿಮಾನ.

ಜಗಲಿಯಲ್ಲಿ ಅಜ್ಜಿ ಕಾಫಿ ಕುಡಿಯುತ್ತಾ ಕೂತಿದ್ದರಂತೆ. ಬಂದವರನ್ನು ಮೇಲಿಂದ ಕೆಳಗೆ ನೋಡಿ, "ನನಗಿನ್ನೂ ಪುರುಸೊತ್ತಿಲ್ಲ. ಸ್ಕೂಲಲ್ಲಿ ಎಂತದೋ ಆಗಿದೆಯಂತೆ, ಅಲ್ಲಿ ಹೋಗಿ ನೋಡಿ" ಎಂದರಂತೆ.

ಹತ್ತೂವರೆಗೆ ಐದು ನಿಮಿಷ ಇದೆ. ಹೆಡ್ಮಾಸ್ಟರು ಡ್ಯಾನ್ಸಿನ ಹಾಡು ಹಾಕಿಸಲು ಕೈ ಎತ್ತಿದ್ದಾರೆ. ಬಾಗಿಲಲ್ಲಿ ಬೆಳ್ಳಗೆ ಜನ. ತಲೆ ತಗ್ಗಿಸಿ, ಸದ್ದಿಲ್ಲದೆ, ಒಬ್ಬರ ಹಿಂದೆ ಒಬ್ಬರು ಬಂದು ಖಾಲಿ ಕುರ್ಚಿಗಳಲ್ಲಿ ಕೂತರು. ಮೂವತ್ತೂ ತುಂಬಿ, ಮಿಕ್ಕವರು ಗೋಡೆಗೆ ಒರಗಿ ನಿಂತರು. ಅಷ್ಟು ಗಂಭೀರವಾದ ಸಭೆಯನ್ನು ನಾನು ಪಾಠದ ಪುಸ್ತಕದ ಫೋಟೋದಲ್ಲೂ ಕಂಡಿರಲಿಲ್ಲ. ಮಕ್ಕಳು ಬಾಯಿಬಿಟ್ಟು ನೋಡುತ್ತಿದ್ದರು, ಒಬ್ಬರೂ ಆಕಳಿಸಲಿಲ್ಲ. ಹೆಡ್ಮಾಸ್ಟರ ಕೈ ತಾನಾಗಿಯೇ ಕೆಳಗಿಳಿಯಿತು.

ಮುಂದಿನ ಸಾಲಿನ ಹಿರಿಯರೊಬ್ಬರು ಬಗ್ಗಿ, ಅಧ್ಯಕ್ಷರ ಕುರ್ಚಿಯಲ್ಲಿದ್ದ ರೈಟರನ್ನು ಕೇಳಿದರು. "ತೀರಿಕೊಂಡದ್ದು ಯಾರು?"

ರೈಟರು ನನ್ನ ಮುಖ ನೋಡಿದರು. ಆಮೇಲೆ ಹಾಳೆ ನೋಡಿದರು.

"ಬ್ರಿಟಿಷ್ ಸರಕಾರ" ಎಂದರು. "ಪೂರ್ತಿ ಹೋಗಿಲ್ಲ, ಸ್ವಲ್ಪ ಜೀವ ಉಂಟು. ಇನ್ನು ಈ ದೇಶದ ಅಧಿಕಾರವೆಲ್ಲ ಜನರದ್ದು ಅಂತ ನಿರ್ಣಯ ಇದೆ. ನೀವೆಲ್ಲ ಕೈ ಎತ್ತಿದ್ರೆ ಅದೂ ಹೋಗ್ತದೆ."

ಹಿರಿಯರು ಕೈ ಎತ್ತಿದರು. ಅವರನ್ನು ನೋಡಿ ಕುರ್ಚಿಯಲ್ಲಿದ್ದವರೆಲ್ಲ ಎತ್ತಿದರು, ಗೋಡೆಗೆ ಒರಗಿದವರೂ ಎತ್ತಿದರು. ನನಗೆ ಕಣ್ಣು ಮಂಜಾಯಿತು.

ಎತ್ತಿದ ಕೈ ಇಳಿಸದೆ ಹಿರಿಯರು ಮೆಲ್ಲಗೆ ಕೇಳಿದರು. "ಹಾಗಾದ್ರೆ ಹೆಣ ಎತ್ತೋದು ಎಷ್ಟು ಹೊತ್ತಿಗೆ?"

ನಮ್ಮ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಹೇಳಿದರು. "ಆಗಸ್ಟ್ ಹದಿನೈದಕ್ಕೆ."