ಅರಿಸಿನ ಮೆತ್ತಿದ ತುರ್ಕಿ ಕಾಸು

ಮಿಮಿಕ್ರಿ ಮಾಡುವವನಿಗೆ ಒಂದು ಶಾಪವಿದೆ: ಹೊಟ್ಟೆನೋವು ಎಂದರೂ ಜನ ಚಪ್ಪಾಳೆ ತಟ್ಟುತ್ತಾರೆ. ನಾನು ಎಮ್ಮೆಯಿಂದ ಹಿಡಿದು ಮಂಡ್ಯ ಬಸ್ಸಿನ ಕಂಡಕ್ಟರನವರೆಗೆ ಎಲ್ಲರ ದನಿಯನ್ನೂ ಕದ್ದವನು. ನನ್ನ ದನಿ ಯಾವುದೆಂದು ನನಗೇ ಅನುಮಾನ. ಜೊತೆಗೆ ಹಳೆಯ ನಾಣ್ಯ ಕೂಡಿಡುವ ಹುಚ್ಚು ಬೇರೆ.

ಆತಗೂರಿನ ನಮ್ಮ ಮನೆಯಲ್ಲಿ ಅಜ್ಜಿಯ ಪೂಜೆಯ ಕಳಸದೊಳಗೆ ಒಂದು ಕಾಸಿತ್ತು. ಅವಳ ಅಪ್ಪ ಮಹಾರಾಜರ ಕುದುರೆ ದಂಡಿನಲ್ಲಿ ಮೊದಲ ಮಹಾಯುದ್ಧಕ್ಕೆ ಹೋಗಿ ತುರ್ಕರ ನಾಡಿನಿಂದ ತಂದದ್ದಂತೆ. ಊರು ನಂಬಲಿಲ್ಲ. ಮೈಸೂರಿನ ಲಾಯದಲ್ಲಿ ಲದ್ದಿ ಬಾಚಿ, ಸಂತೆಯಲ್ಲಿ ಯಾವುದೋ ಹಳೇ ಕಾಸು ಕೊಂಡು ಬಂದ ಎಂದು ಅವನು ಸಾಯುವವರೆಗೂ ಆಡಿಕೊಂಡಿತು.

ಹೋದ ವರ್ಷ, ತೊಂಬತ್ತು ದಾಟಿ ಹಾಸಿಗೆ ಹಿಡಿದ ಅಜ್ಜಿ ನನ್ನನ್ನು ಕರೆದಳು. "ಲೇ ಕಾಸಿನ ಪಂಡಿತ, ನಮ್ಮಪ್ಪ ಏಳಿದ್ದು ದಿಟವೋ ಸುಳ್ಳೋ, ನಾನು ಓಗೋದ್ರೊಳಗೆ ನೋಡಿ ಏಳ್ಲಾ."

ಬೆಳ್ಳಿಯಲ್ಲ, ತಾಮ್ರಕ್ಕೆ ನಿಕ್ಕಲ್ ಬೆರೆಸಿದ ಬಿಳಿ ಕಾಸು. ಯುದ್ಧಕಾಲದಲ್ಲಿ ತುರ್ಕಿಯ ಸುಲ್ತಾನನಿಗೂ ಬೆಳ್ಳಿ ತುಟ್ಟಿಯಾಗಿತ್ತು. ಆದರೆ ಮೇಲಿದ್ದ ಇಸವಿ ಯುದ್ಧಕ್ಕಿಂತ ಹಿಂದಿನದು. ಊರು ಆಡಿಕೊಂಡದ್ದೇ ನಿಜವೇನೋ ಎಂದುಕೊಂಡೆ. ಆಮೇಲೆ ನೆನಪಾಯಿತು: ದೊಡ್ಡದಾಗಿ ಬರೆದಿರುವುದು ಸುಲ್ತಾನ ಪಟ್ಟಕ್ಕೆ ಬಂದ ಇಸವಿ, ಕಾಸು ಅಚ್ಚಾದದ್ದು ಅವನ ಆಳ್ವಿಕೆಯ ಎಷ್ಟನೇ ವರ್ಷ ಎಂಬುದು ಹಿಂಬದಿಯಲ್ಲಿ, ಸುಲ್ತಾನನ ರುಜುವಿನ ಕೆಳಗೆ, ಸಣ್ಣದಾಗಿರುತ್ತದೆ. ಅಲ್ಲಿ ನೋಡಿದರೆ ಅಷ್ಟೂ ವರ್ಷದ ಪೂಜೆಯ ಅರಿಸಿನ ಕುಂಕುಮ ಗಟ್ಟಿ ಕಟ್ಟಿದೆ.

"ತೊಳೀಲೇನಜ್ಜಿ?"

"ಲಕ್ಸ್ಮಿ ಕಣ್ಲಾ ಅದು. ಉಜ್ಜಬ್ಯಾಡ, ನೆನಾಕು."

ಹುಣಸೆ ನೀರಿನಲ್ಲಿ ಅರಿಸಿನ ಬಿಟ್ಟಿತು. ಮನೆಯ ಸೂರಿನಂಥ ಗುರುತೊಂದು ಎದ್ದಿತು. ಅರಬ್ಬಿಯ ಎಂಟು. ಎಂಟನೇ ವರ್ಷವೆಂದರೆ 1916, ಯುದ್ಧದ ನಟ್ಟನಡುವೆ. ಹೇಳಿದೆ.

"ನಾನು ಮೊದ್ಲೇ ಏಳ್ಲಿಲ್ವಾ," ಎಂದು ಅಜ್ಜಿ ಗೋಡೆಯ ಕಡೆ ತಿರುಗಿಕೊಂಡಳು. ಬೆನ್ನು ಅಲುಗುತ್ತಿತ್ತು. ಆ ಕಡೆಯಿಂದಲೇ, "ನಾನು ಸತ್ತಾಗ ಅಣೆಗೆ ಇದ್ನೇ ಇಕ್ಲಾ. ಅಪ್ಪ ಸಿಕ್ರೆ ತೋರುಸ್ತೀನಿ," ಎಂದಳು.

ಸತ್ತವರ ಹಣೆಗೆ ಒಂದು ರೂಪಾಯಿ ಅಂಟಿಸುವುದು ನಮ್ಮ ಕಡೆಯ ರೂಢಿ. ಅಜ್ಜಿ ತೀರಿಕೊಂಡಾಗ ನಾನು ತುರ್ಕಿ ಕಾಸು ಅಂಟಿಸಿದೆ.

"ಯಾವ್ದುಲಾ ಇದು, ಓಡ್ದೇ ಇರೋ ಕಾಸು?" ದೊಡ್ಡಪ್ಪ ಕೇಳಿದರು.

"ಮುತ್ತಾತ ಯುದ್ಧದಿಂದ ತಂದಿದ್ದು ದೊಡ್ಡಪ್ಪ, ದಿಟವಾಗ್ಲೂ."

"ಎಣದ್ ಮುಂದೂ ನಿನ್ನಾಟವೇನ್ಲಾ, ಬುಡು."

ತಪ್ಪು ಅವರದಲ್ಲ, ನನಗೇ ತಿಳಿಯದೆ ನನ್ನ ಮಾತು ಥೇಟ್ ಅಜ್ಜಿಯ ದನಿಯಲ್ಲಿ ಬಂದಿತ್ತು.

ಕಾಸು ಅವಳೊಂದಿಗೆ ಮಣ್ಣಿಗೆ ಹೋಯಿತು. ಈಗ ಮದ್ದೂರಿನ ಹೋಟೆಲಿನಲ್ಲಿ ಈ ಕಥೆ ಹೇಳಿದರೆ ಗೆಳೆಯರು ಕೈಯಲ್ಲಿ ವಡೆ ಹಿಡಿದೇ ನಗುತ್ತಾರೆ, ಎಲ್ಲಿ ಕಾಸು ತೋರಿಸು ಎನ್ನುತ್ತಾರೆ. ಮುತ್ತಾತನಿಗಾದರೂ ತೋರಿಸಲು ಕಾಸಿತ್ತು. ನಂಬಲು ಒಬ್ಬ ಮಗಳಿದ್ದಳು.