ಒಂದು ಹನಿ ಕುಡಿಯದ ಗಾಡಿ

ಭಾವಮೈದುನ ಆ ಒಂದು ಮಾತು ಆಡದೇ ಇದ್ದಿದ್ದರೆ ಮೈಲೇಜಪ್ಪನ ಹಳೆಯ ಪಿಕಪ್ ಗಾಡಿ ಇವತ್ತಿಗೂ ಗುರುಗುಟ್ಟುತ್ತ ದಿಬ್ಬ ಹತ್ತಿಳಿದುಕೊಂಡು ಇರುತ್ತಿತ್ತು.

"ಭಾವ, ಇಳಿಜಾರನ್ನ ದೇವರು ಪುಕ್ಕಟೆ ಕೊಟ್ಟಿದಾನೆ. ಅದರ ಮೇಲೂ ಡೀಸೆಲ್ ಸುಡ್ತೀರಲ್ಲ, ಪಾಪ ಅಲ್ವಾ?"

ಪಾಪ ಎಂದರೆ ಮೈಲೇಜಪ್ಪ ಅರ್ಧ ಕರಗಿಹೋಗುವ ಮನುಷ್ಯ. "ನಿಮ್ಮ ಗಾಡಿ ಎಷ್ಟು ಕೊಡುತ್ತೆ?" ಎಂದು ಕಂಡಕಂಡವರನ್ನು ಕೇಳಿ ಕೇಳಿ ಊರವರಿಂದ ಆ ಹೆಸರು ಪಡೆದಿದ್ದ. ದಿಬ್ಬದ ತುದಿಯಲ್ಲಿ ಐಸ್ ಕಾರ್ಖಾನೆ, ಬುಡದಲ್ಲಿ ಮೀನುಪೇಟೆ, ನಡುವೆ ಸುತ್ತಿ ಸುತ್ತಿ ಇಳಿಯುವ ಒಂದೇ ರಸ್ತೆ. ಆ ರಸ್ತೆಯಲ್ಲಿ ಐಸ್ ಸಾಗಿಸುವುದೇ ಅವನ ಅನ್ನ. ಡೀಸೆಲ್ ಮಾತ್ರ ಕಾರ್ಖಾನೆಯ ಧಣಿಯದು. ಆ ಧಣಿ ಖಡಾಖಂಡಿತ ಹೇಳಿಬಿಟ್ಟಿದ್ದ: "ನಾಳೆ ಬೆಳಿಗ್ಗೆ ಟ್ಯಾಂಕ್ ಕಂಠಮಟ್ಟ ತುಂಬಿಸ್ತೀನಿ. ಸಂಜೆ ಕೆಳಗಿನ ಬಂಕಲ್ಲಿ ಮತ್ತೆ ಕಂಠಮಟ್ಟ ತುಂಬಿಸ್ತೀನಿ. ಎಷ್ಟು ಹಿಡಿಯುತ್ತೋ ಅಷ್ಟು ಕುಡಿದಿದೆ ಅಂತ. ಹಳೇ ಚಾಳೀನೇ ಆದ್ರೆ ನಾಡಿದ್ದಿಂದ ಬೇರೆ ಗಾಡಿ ಬರುತ್ತೆ."

ಮೆಕ್ಯಾನಿಕ್ಕನ್ನು ಕೇಳಿದರೆ ಅವನು, "ಟೈರಿಗೆ ಸರಿಯಾಗಿ ಗಾಳಿ ಹೊಡೆಸು, ಏರ್ ಫಿಲ್ಟರ್ ಬದಲಾಯಿಸು, ಕ್ಲಚ್ ಮೇಲೆ ಕಾಲಿಟ್ಕೊಂಡು ತೂಕಡಿಸಬೇಡ" ಎಂದ. ಇಷ್ಟು ಸಸಾರದ ಮಾತಿಗೆ ಫಲವಿದ್ದೀತೆಂದು ಮೈಲೇಜಪ್ಪನಿಗೆ ಅನ್ನಿಸಲಿಲ್ಲ. ಭಾವಮೈದುನನ ಮದ್ದು ಹಾಗಲ್ಲ, ಕಣ್ಣಿಗೆ ಕಾಣುವಂಥದು. ಬಂಪರ್ ಬಿಚ್ಚಿದರು. ಹಿಂಬಾಗಿಲು ಬಿಚ್ಚಿದರು. ಸ್ಟೆಪ್ನಿ ಇಳಿಸಿದರು. ಕೊನೆಗೆ ಸೀಟೇ ಕಳಚಿಕೊಂಡು ಮನೆಯ ನಡುಕೋಣೆಗೆ ಬಂತು. ಹೆಂಡತಿ ಅದರ ಮೇಲೆ ಕೂತು ನೋಡಿ, "ಮೆತ್ತಗಿದೆ ಕಣ್ರೀ. ಇಂಜಿನ್ನೂ ತಂದಿಟ್ಟುಬಿಡಿ, ಇನ್ನೂ ಹಗುರ ಆಗುತ್ತೆ" ಎಂದಳು.

ಸೀಟಿನ ಜಾಗಕ್ಕೆ ಬಟ್ಟೆ ಒಗೆಯುವ ಗಿಡ್ಡ ಸ್ಟೂಲು ಹೋಯಿತು. ಅದರ ಮೇಲೆ ಕೂತರೆ ಮೈಲೇಜಪ್ಪನ ತಲೆ ಗಾಜಿಗೆ ನಿಲುಕುತ್ತಿರಲಿಲ್ಲ. ಸ್ಟೇರಿಂಗ್ ಚಕ್ರದ ಸಂದಿಯಿಂದ ಹಣಕಿ ರಸ್ತೆ ನೋಡಬೇಕು.

ಬೆಳಗಿನ ಮಂಜು ಹಿಂಜಿದ ಹತ್ತಿಯಂತೆ ದಿಬ್ಬದ ಮೇಲೆ ಕೂತಿತ್ತು. ಧಣಿ ಟ್ಯಾಂಕ್ ತುಂಬಿಸಿ ಹೋದ. ಐಸ್ ದಿಮ್ಮಿಗಳ ಸುತ್ತ ತುಂಬುವ ಮರದ ಹೊಟ್ಟನ್ನು ಭಾರವೆಂದು ಬಿಟ್ಟು, ಮೇಲೆ ಒಂದು ಪದರ ಗೋಣಿ ಹೊದಿಸಿದ್ದಾಯಿತು. ಇಳಿಜಾರು ಶುರುವಾಗುವಲ್ಲಿ ಮೈಲೇಜಪ್ಪ ದೇವರ ಹೆಸರು ಹೇಳಿ ಇಂಜಿನ್ ಆರಿಸಿದ. ಲೈಟೂ ಆರಿಸಿದ. ಬೆಳಕೂ ಡೀಸೆಲ್ಲನ್ನೇ ತಿನ್ನುತ್ತದೆಂದು ಭಾವಮೈದುನ ಹೇಳಿದ್ದ.

ಗಾಡಿ ತಾನಾಗಿ ಜಾರಿತು. ಇಷ್ಟು ವರ್ಷ ಅದರೊಳಗೆ ಕೂತು ತನ್ನ ಉಸಿರಿನ ಸದ್ದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ಪ್ರಾರ್ಥನೆ ಮುಗಿದು ಎಲ್ಲರೂ ಎದ್ದುಹೋದ ಮೇಲೆ ಉಳಿಯುವಂಥ ಮೌನ. ಬೆನ್ನ ಹಿಂದೆ ಐಸು ಆಗಾಗ ಚಿಟಿಲ್ ಎನ್ನುತ್ತಿತ್ತು, ಯಾರೋ ಬೆರಳು ಮುರಿದುಕೊಂಡಂತೆ. ಗೋಣಿಯ ಸಂದಿಯಿಂದ ತಣ್ಣನೆಯ ಹೊಗೆ ಎದ್ದು ಮಂಜಿನೊಡನೆ ಕೂಡಿಕೊಳ್ಳುತ್ತಿತ್ತು. ಮೊದಲ ತಿರುವಿನಲ್ಲಿ ಪಾತ್ರೆಯೊಂದು ಢಣಾರ್ ಎಂದು ಬಿದ್ದದ್ದು ಕೇಳಿಸಿತು. ಯಾರೋ ಕೈಲಾಗದವರು, ಅಂದುಕೊಂಡ.

ಐಸ್ ಇಳಿಸಿ ಮೇಲೆ ಬರುವಾಗ ಖಾಲಿ ಗೋಣಿಗಳನ್ನು ಮಡಚಿ ಸ್ಟೂಲಿನ ಮೇಲೆ ಹಾಕಿಕೊಂಡು ಕೂತ. ಈಗ ತಲೆಯೂ ಕಾಣುತ್ತಿತ್ತು, ಇಂಜಿನ್ನೂ ಒದರುತ್ತಿತ್ತು. ತಿರುವಿನಲ್ಲಿ ಹಾಲು ಮಾರುವ ಅಕ್ಕ ಕೈ ಅಡ್ಡ ಹಿಡಿದಳು. ಮುಖ ಅವಳ ಹಾಲಿಗಿಂತ ಬೆಳ್ಳಗಾಗಿತ್ತು.

"ಅಣ್ಣಾ, ಇವತ್ತು ಈ ರಸ್ತೇಲಿ ಓಡಾಡಬೇಡ. ಒಂದು ಗಾಡಿ ಇಳೀತು. ಸದ್ದಿಲ್ಲ, ಲೈಟಿಲ್ಲ. ಒಳಗೆ..."

"ಒಳಗೆ?"

"ಯಾರೂ ಇಲ್ಲ. ಸ್ಟೇರಿಂಗ್ ಮಾತ್ರ ತಿರುಗ್ತಿತ್ತು. ಬೆಳ್ಳಗೆ ಏನೋ ಬಿಡ್ತಿತ್ತು, ಸತ್ತೋರ ಉಸಿರಿನ ಹಾಗೆ."

"ಸತ್ತೋರು ಉಸಿರಾಡಲ್ವಲ್ಲಕ್ಕ."

"ಅದಕ್ಕೇ ತಣ್ಣಗಿತ್ತು."

ಮೈಲೇಜಪ್ಪ ಲಗುಬಗೆಯಿಂದ ಗಾಡಿ ಮೇಲಕ್ಕೆ ಬಿಟ್ಟ. ಅದು ತನ್ನದೇ ಗಾಡಿಯೆಂದು ಅವನಿಗೆ ಹೊಳೆಯಲೇ ಇಲ್ಲ. ಎರಡನೆಯ ಸಲ ಇಳಿಯುವಾಗ ಹಿಂದೆ ಆ ಗಾಡಿ ಬರುತ್ತಿದೆಯೇ ಎಂದು ಕನ್ನಡಿ ನೋಡುತ್ತ, ಭಯಕ್ಕೆ ಇನ್ನೂ ಕೆಳಗೆ ಕುಗ್ಗಿ ಕೂತ. ಹಾಗಾಗಿ ಕ್ಷೌರದಂಗಡಿಯವನಿಗೆ ಸ್ಟೇರಿಂಗ್ ಹಿಡಿದ ಬೆರಳ ತುದಿಯೂ ಕಾಣಲಿಲ್ಲ.

"ಗಿರಾಕಿ ಅರ್ಧ ಮೀಸೆ ಬಿಟ್ಟು ಓಡಿಹೋದ ಕಣಯ್ಯ" ಎಂದ ಅವನು, ಮೈಲೇಜಪ್ಪ ಮೇಲೆ ಬರುವಾಗ ನಿಲ್ಲಿಸಿ. "ಬಂಪರ್ ಇಲ್ಲ. ಹಿಂದೆ ಬಾಗಿಲಿಲ್ಲ. ಇಗೋ, ನಿನ್ನ ಗಾಡಿ ಇದೆಯಲ್ಲ, ಥೇಟ್ ಹೀಗೇ. ಆದ್ರೆ ಇದು ಬದುಕಿದೆ, ಅದು ಸತ್ತಿದೆ."

ಆಗ ಮೈಲೇಜಪ್ಪನ ಬೆನ್ನಹುರಿಯಲ್ಲಿ ಐಸ್ ಚೂರೊಂದು ಇಳಿದಂತಾಯಿತು. ಆ ದೆವ್ವ ಬೇರೆ ಯಾರೂ ಅಲ್ಲ, ತಾನೇ. ಹೇಳಿಬಿಡೋಣವೆಂದು ಬಾಯಿ ತೆರೆದ. ಹೇಳಿದರೆ ಇಂಜಿನ್ ಆರಿಸಿ ಇಳಿಯುವ ಸಂಗತಿ ಧಣಿಯ ಕಿವಿಗೆ ಬೀಳುತ್ತದೆ. ಅಲ್ಲದೆ ಹೆದರಿದ ಜನ ರಸ್ತೆಯನ್ನೇ ಖಾಲಿ ಬಿಟ್ಟಿದ್ದರು. ಬ್ರೇಕ್ ಒತ್ತುವ ಕೆಲಸವೇ ಇಲ್ಲ. ಬ್ರೇಕ್ ಒತ್ತದ ಗಾಡಿಗೆ ಮೈಲೇಜು ಹೆಚ್ಚು. ಬಾಯಿ ಮುಚ್ಚಿಕೊಂಡ. ಆಸೆ ಎಂಬುದು ಮನುಷ್ಯನ ಬಾಯಿಗೆ ಬೀಗ ಹಾಕುವಾಗ ಸದ್ದು ಮಾಡುವುದಿಲ್ಲ.

ಮಧ್ಯಾಹ್ನ ಬಿಸಿಲು ಚುರುಕಾಗಿ ಮಂಜು ಚದುರಿದಾಗ ಅವನು ಗಾಡಿ ನಿಲ್ಲಿಸಿ ಮನೆಯ ಸೀಟಿನ ಮೇಲೆ ನಿದ್ದೆ ಹೊಡೆದ. ಸಂಜೆಗೆ ಮಂಜು ಮತ್ತೆ ಮುಸುಕಿತು. ಕೊನೆಯ ಸರದಿಗೆ ಐಸ್ ಹೇರಿ ಇಳಿಯತೊಡಗಿದ.

ಎರಡನೆಯ ತಿರುವಿನಲ್ಲಿ ಅಂಗಡಿ ಬೆಂಚುಗಳನ್ನು ಅಡ್ಡ ಹಾಕಿದ್ದರು. ಇಂಜಿನ್ ಆರಿದ್ದರಿಂದ ಬ್ರೇಕು ಕಲ್ಲಿನಂತಾಗಿತ್ತು. ಎರಡೂ ಕಾಲಿಟ್ಟು ತುಳಿದಾಗ ಗಾಡಿ ಬೆಂಚಿಗೆ ಗೇಣುದೂರದಲ್ಲಿ ನಿಂತಿತು. ಬೆಂಚುಗಳಾಚೆ ಜನ. ಕೋಲು, ಪೊರಕೆ, ಕ್ಷೌರದಂಗಡಿಯವನ ಕೈಯಲ್ಲಿ ಕಬ್ಬಿಣದ ಸಲಾಕೆ. ಮೈಲೇಜಪ್ಪ ಸ್ಟೂಲಿನಿಂದಲೂ ಇಳಿದು ಮುದುಡಿಕೊಂಡ.

"ಹೋಗಿ ನೋಡೋ."

"ನೀನೇ ಹೋಗು. ನನಗೆ ಹೆಂಡ್ತಿ ಮಕ್ಕಳಿದಾರೆ."

"ನನಗೇನು ಅವರು ಬಾಡಿಗೆಗೆ ಬಂದಿದಾರಾ?"

ಸಲಾಕೆ ಹಾರಿಬಂದು ಗಾಡಿಯ ಪಕ್ಕಕ್ಕೆ ಠಣ್ಣೆಂದು ಬಡಿಯಿತು. ಟ್ಯಾಂಕಿನ ಮುಚ್ಚಳ ಕಿತ್ತು ಇಳಿಜಾರಿನಲ್ಲಿ ಉರುಳಿಹೋಯಿತು. ಆಮೇಲೆ ಯಾರೂ ಅಲುಗಲಿಲ್ಲ. ಜನ ಕಾಯುತ್ತ ನಿಂತರು, ಮೈಲೇಜಪ್ಪ ಕಾಯುತ್ತ ಕೂತ, ಹೊಟ್ಟಿಲ್ಲದ ಐಸು ಕರಗುತ್ತ ಕೂತಿತು. ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತು. ಆಗ ಆ ನಿಶ್ಶಬ್ದದಲ್ಲಿ ಒಂದು ಸದ್ದು ಶುರುವಾಯಿತು.

ಗುಳುಕ್. ಗುಳುಕ್. ಗುಳುಕ್.

"ಏನೋ ಕುಡೀತಾ ಇದೆ" ಎಂದಳು ಹಾಲಿನ ಅಕ್ಕ, ಬಲು ಮೆಲ್ಲಗೆ.

ಜನ ಬೆಂಚು ಬಿಟ್ಟು, ಪೊರಕೆ ಬಿಟ್ಟು, ಚಪ್ಪಲಿಯನ್ನೂ ಬಿಟ್ಟು ದಿಬ್ಬದ ಕೆಳಗೆ ಓಡಿದರು. ಆ ಸದ್ದು ಮೈಲೇಜಪ್ಪನಿಗೂ ಕೇಳಿಸುತ್ತಿತ್ತು, ತನ್ನ ಕಾಲ ಬುಡದಿಂದಲೇ ಬಂದಂತೆ. ಅವನಿಗೆ ಓಡಲೂ ದಿಕ್ಕಿರಲಿಲ್ಲ. ಗೊತ್ತಿದ್ದ ದೇವರನ್ನೆಲ್ಲ ಒಟ್ಟಿಗೆ ಕರೆಯುತ್ತ ಬೆಂಚು ಸರಿಸಿ ಮತ್ತೆ ಜಾರಿದ.

ಬಂಕಿನಲ್ಲಿ ಧಣಿಯ ಸುತ್ತ ಆ ಜನವೆಲ್ಲ ಏದುಸಿರು ಬಿಡುತ್ತ ನಿಂತಿದ್ದರು. ಮಂಜಿನೊಳಗಿಂದ ಗಾಡಿ ಸದ್ದಿಲ್ಲದೆ ಬಂದು ಪಂಪಿನ ಮುಂದೆ ನಿಂತಿತು.

"ನಾನೇ ಕಣ್ರಪ್ಪ" ಎಂಬ ದನಿ ಬಂತು. ಹಿಂದೆಯೇ ಸ್ಟೇರಿಂಗ್ ಮೇಲೆ ಮೈಲೇಜಪ್ಪನ ತಲೆ ಹುಣ್ಣಿಮೆಯ ಚಂದ್ರನಂತೆ ಮೂಡಿತು. ಅವನು ಸ್ಟೂಲು ತೋರಿಸಿದ, ಇಂಜಿನ್ ಆರಿಸಿದ್ದನ್ನು ಒಪ್ಪಿಕೊಂಡ. ಹಾಲಿನ ಅಕ್ಕ, "ನಿನ್ನ ಗಾಡಿಗೆ ಬೆಂಕಿ ಹಾಕ, ಒಂದು ಕ್ಯಾನ್ ಹಾಲು ಹೋಯ್ತಲ್ಲೋ" ಎಂದಳು. ಎಲ್ಲರೂ ನಕ್ಕರು. ಧಣಿಯೂ ನಕ್ಕು, "ಬುದ್ಧಿ ಇಲ್ಲದಿದ್ರೂ ಕಷ್ಟಪಟ್ಟಿದೀಯ. ಎಷ್ಟು ಕುಡಿದಿದೆ ನೋಡೇ ಬಿಡೋಣ" ಎಂದ.

ಬಂಕಿನವನು ನಳಿಕೆ ತೂರಿಸಿ ಒತ್ತಿದ. ಟಕ್ ಎಂದು ನಿಂತಿತು. ಮತ್ತೆ ಒತ್ತಿದ. ಡೀಸೆಲ್ ಹೊರಗೆ ಚೆಲ್ಲಿತು. ಟ್ಯಾಂಕು ಬೆಳಿಗ್ಗೆ ಇದ್ದಂತೆಯೇ ಕಂಠಮಟ್ಟ ತುಂಬಿತ್ತು.

ನಗು ಅಲ್ಲಿಗೇ ನಿಂತಿತು. ದಿನವಿಡೀ ದಿಬ್ಬ ಹತ್ತಿದ ಗಾಡಿ ಒಂದು ಹನಿ ಕುಡಿದಿರಲಿಲ್ಲ. ಹತ್ತುವಾಗ ಡೀಸೆಲ್ ಸುಟ್ಟದ್ದು ಖಚಿತವಾಗಿ ಗೊತ್ತಿದ್ದವನು ಮೈಲೇಜಪ್ಪನೊಬ್ಬನೇ. ಎಲ್ಲರಿಗಿಂತ ಮೊದಲು ಅವನೇ ಗಾಡಿಯಿಂದ ಹಿಂದೆ ಸರಿದ.

"ನಾನು ಕಡಿಮೆ ಕುಡಿಯೋ ಗಾಡಿ ಕೇಳಿದ್ದೆ" ಎಂದ ಧಣಿ, ಹೊರಡಲು ತಿರುಗುತ್ತ. "ಏನೂ ಕುಡಿಯದೆ ಇರೋದನ್ನ ಕೇಳಿರಲಿಲ್ಲ. ನಾಳೆಯಿಂದ ಬರಬೇಡಪ್ಪ."

ಅಷ್ಟರಲ್ಲಿ ಸುದ್ದಿ ತಿಳಿದು ಮೆಕ್ಯಾನಿಕ್ ಬಂದ. ಗಾಡಿಯ ಕೆಳಗೆ ತೂರಿ ಟ್ಯಾಂಕಿನ ತಳದ ಬಿರಡೆ ಬಿಚ್ಚಿದ. ಸ್ವಚ್ಛವಾದ, ಕೊರೆಯುವ ನೀರು ಧಾರೆಯಾಗಿ ಸುರಿಯಿತು.

"ಐಸ್ ನೀರು. ಮುಚ್ಚಳ ಇಲ್ಲದ ಬಾಯಿಗೆ ಮೇಲಿಂದ ಇಳಿದಿದೆ. ಸ್ಟಾರ್ಟ್ ಮಾಡಿದ್ಯೋ, ಪಂಪು ಇಂಜೆಕ್ಟರು ಎಲ್ಲ ಕೆಟ್ಟುಹೋಗುತ್ತೆ."

ಮೈಲೇಜಪ್ಪ ಧಣಿಯ ಹಿಂದೆ ಓಡಿದ. "ಧಣೀ, ದೆವ್ವ ಅಲ್ಲ, ಬರೀ ನೀರು."

ಧಣಿಯ ಮುಖಕ್ಕೆ ರಕ್ತ ಮರಳಿತು. "ಅಬ್ಬ. ಹಾಗಾದ್ರೆ ಡೀಸೆಲ್ ಎಷ್ಟು ಕುಡೀತು?"

"ಅದು ಇನ್ನು ಆ ದೇವರಿಗೇ ಗೊತ್ತು."

"ನಾಳೆ ಗಾಡಿ ಓಡುತ್ತಾ?"

"ಇಲ್ಲ."

"ನನ್ನ ಐಸು?"

"ಒಂದಿಷ್ಟು ಗಾಡೀಲಿದೆ, ಒಂದಿಷ್ಟು ಟ್ಯಾಂಕಲ್ಲಿತ್ತು."

"ದೆವ್ವ ಆಗಿದ್ರೇ ಚೆನ್ನಾಗಿತ್ತು ಕಣಯ್ಯ. ನಿನಗೊಂದು ನೆಪ ಆದ್ರೂ ಇರ್ತಿತ್ತು" ಎಂದು ಹೇಳಿ ಧಣಿ ಹೊರಟುಹೋದ.

ಮೆಕ್ಯಾನಿಕ್ಕನ ಗ್ಯಾರೇಜು ದಿಬ್ಬದ ಮೇಲೆ. ಉಳಿದ ಐಸನ್ನೂ ಒದ್ದೆ ಗೋಣಿಗಳನ್ನೂ ಭಾರವೆಂದು ಇಳಿಸಿ, ಜನ ಕನಿಕರಪಟ್ಟು ಹಿಂದಿನಿಂದ ಗಾಡಿ ತಳ್ಳತೊಡಗಿದರು. ದಣಿವಿಗೆ ಯಾರ ಬಾಯಲ್ಲೂ ಮಾತಿರಲಿಲ್ಲ. ಮೈಲೇಜಪ್ಪ ಗಿಡ್ಡ ಸ್ಟೂಲಿನ ಮೇಲೆ ಕೂತು ಸ್ಟೇರಿಂಗ್ ಹಿಡಿದಿದ್ದ.

ಮೇಲಿನ ತಿರುವಿನಲ್ಲಿ ಭಾವಮೈದುನ ಅಂಗಡಿಯಿಂದ ಮನೆಗೆ ಹೊರಟಿದ್ದ. ಮಂಜು ಸೀಳಿಕೊಂಡು, ಸದ್ದಿಲ್ಲದೆ, ಲೈಟಿಲ್ಲದೆ, ಒಳಗೆ ಯಾರೂ ಇಲ್ಲದೆ ಗಾಡಿಯೊಂದು ಕೆಳಗಿನಿಂದ ಏರಿಬರುವುದು ಕಂಡಿತು. ದಿನವಿಡೀ ಊರಿನಲ್ಲಿ ಹರಿದಾಡಿದ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಕೈಯಲ್ಲಿದ್ದ ಚೀಲ ತಾನಾಗಿ ಜಾರಿತು.

"ಅಯ್ಯೋ ದೇವರೇ," ಎಂದ ಅವನು, ಗೋಡೆಗೆ ಬೆನ್ನು ಹಚ್ಚಿ. "ಈಗ ಹತ್ತೋದನ್ನೂ ಕಲಿತುಬಿಟ್ಟಿದೆ."